ಆರನೆಯ ಚುಕ್ಕೆ

ಕಡಿಯುತ್ತಿರುವುದು ಆರನೆಯದಲ್ಲ, ಆರನೆಯದು ತಣ್ಣಗೆ ಕೂತಿದೆ, ಸೊಳ್ಳೆ ಕೂತು ಎದ್ದುಹೋದಷ್ಟೂ ಗುರುತಿಲ್ಲ, ಕಡಿತ ಮೇಲೆಲ್ಲೋ, ಮೊಣಕೈ ಮಡಿಕೆಯ ಹತ್ತಿರ, ಅದು ಹಾಗಿರಲಿ, ಅವಳಿಗೆ ಬೇಕಾದದ್ದು ಆರು, ಆರರ ಮೇಲೆ ಕಣ್ಣಿಟ್ಟರೆ ಸಾಕು — ಎಡಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಚಾಚಿಕೊಂಡು ಕೂತಿದ್ದಾಳೆ, ಕೆಳಗೆ ಹಾಸಿದ ಬಿಳಿ ಕಾಗದ ಬೆವರಿಗೆ ಅಂಟಿಕೊಂಡಿದೆ, ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಪೆನ್ನಿನಲ್ಲಿ ಒಂದರಿಂದ ಎಂಟರವರೆಗೆ ಬರೆದಿದ್ದಾರೆ, ಒಂದೊಂದು ಅಂಕಿಯ ಪಕ್ಕ ಒಂದೊಂದು ಹನಿ ಔಷಧಿ, ಹನಿಯ ನಡುವೆ ಸೂಜಿಯ ಸಣ್ಣ ಚುಚ್ಚು. ಒಂದು ಬರೀ ಉಪ್ಪುನೀರು, ಅದು ಉಬ್ಬಬಾರದು, ಎರಡು ಬೇಕಂತಲೇ ಕಡಿತ ತರಿಸುವ ಔಷಧಿ, ಅದು ಉಬ್ಬಲೇಬೇಕು, ಉಬ್ಬದಿದ್ದರೆ ಪರೀಕ್ಷೆಯೇ ಸುಳ್ಳು, ಮೂರು ಹಾಸಿಗೆ ದೂಳಿನ ಹುಳ, ನಾಲ್ಕು ಜಿರಲೆ, ಐದು ಬೆಕ್ಕು, ಆರು ನಾಯಿ, ಏಳು ಹುಲ್ಲಿನ ಪರಾಗ, ಎಂಟು ಗೋಧಿ ಹಿಟ್ಟು — ಯಾರೇ ಬಂದ್ರೂ ಹಾಕೋದು ಇವೇ ಎಂಟು, ಅಂದರು ನರ್ಸಮ್ಮ, ಯಾವುದು ನಿಮ್ಮ ಮೈಗೆ ಆಗಲ್ವೋ ಅದು ಉಬ್ಬುತ್ತೆ, ಕೆರೀಬೇಡಿ, ಒರೆಸಬೇಡಿ, ಕೈ ಮಡಚಬೇಡಿ, ಹದಿನೈದು ನಿಮಿಷ ಅಷ್ಟೇ. ಅಷ್ಟೇ ಅಂತೆ. ಕೆರೆಯಬೇಡ ಎಂದ ಕೂಡಲೇ ಮೂಗು, ಕಿವಿ, ನೆತ್ತಿ, ಹಿಮ್ಮಡಿ, ಇಲ್ಲದ ಜಾಗವೆಲ್ಲ ಕಡಿಯುತ್ತದೆ, ಇದೊಂದು ಶಿಕ್ಷೆ, ತಪ್ಪು ಮಾಡಿದವರು ಹೊರಗೆ ಕುರ್ಚಿಯಲ್ಲಿ ಆರಾಮಾಗಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಾರೆ, ಶಿಕ್ಷೆ ಇವಳಿಗೆ. ಗೋಡೆ ಗಡಿಯಾರದಲ್ಲಿ ಇನ್ನೂ ಎರಡು ನಿಮಿಷವೂ ಆಗಿಲ್ಲ.

ಡಾಕ್ಟರು ಕೇಳಿದ್ದು ಅವಳನ್ನು, ಉತ್ತರ ಕೊಟ್ಟದ್ದು ಗಂಡ, ಇದು ಯಾವ ನ್ಯಾಯ. ಉಸಿರು ಅವಳದು, ಎದೆ ಅವಳದು, ಎಂಟು ವರ್ಷದಿಂದ ದಿಂಬಿನ ಮೇಲೆ ದಿಂಬಿಟ್ಟು ಒರಗಿ ನಿದ್ದೆ ಮಾಡುವವಳು ಅವಳು, ಆದರೆ ಮನೇಲಿ ಸಾಕುಪ್ರಾಣಿ ಏನಾದ್ರೂ ಇದೆಯಾಮ್ಮ ಎಂದು ಡಾಕ್ಟರು ಬಾಯಿ ಮುಚ್ಚುವಷ್ಟರಲ್ಲಿ, ನಾಯಿ ತಂದಿದ್ವಿ ಸಾರ್, ನಾಲ್ಕನೇ ದಿನಕ್ಕೇ ಇವಳಿಗೆ ಉಸಿರು ಹಿಡ್ಕೊಂಡ್ಬಿಡ್ತು, ಎಂದು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿಬಿಟ್ಟರು, ಡಾಕ್ಟರೂ ಹೌದಾ ಎಂದು ಬರೆದುಕೊಂಡು ಕೈ ತೊಳೆದುಕೊಂಡರು, ಅವಳನ್ನು ಮತ್ತೇನೂ ಕೇಳಲಿಲ್ಲ. ಮೇಷ್ಟ್ರು, ಅದರಲ್ಲೂ ಲೆಕ್ಕದ ಮೇಷ್ಟ್ರು, ಒಂದು ಹಂತ ಬಿಟ್ಟರೂ ಅರ್ಧ ಅಂಕ ಕತ್ತರಿಸುವವರು, ತಮ್ಮ ಲೆಕ್ಕದಲ್ಲಿ ಹಂತವೇನು, ಮೂರು ಇಡೀ ದಿನಗಳನ್ನೇ ನುಂಗಿ ನೀರು ಕುಡಿದರು — ಗುರುವಾರ ಸಂಜೆ ನಾಯಿ ಬಂತು, ಸೋಮವಾರ ಸಂಜೆ ಹೆಂಡತಿಗೆ ಉಬ್ಬಸ, ಆದ್ದರಿಂದ ನಾಯಿ. ಆದ್ದರಿಂದವಂತೆ! ನಡುವಿನ ಶುಕ್ರ ಶನಿ ಭಾನು ಎಲ್ಲಿಗೆ ಹೋದವು, ನಾಯಿ ಮನೆಗೆ ಹೊಂದಿಕೊಳ್ಳಲಿ ಎಂದು ಅವಳು ಬೇಕರಿಗೆ ರಜೆ ಹಾಕಿ ಮನೆಯಲ್ಲಿದ್ದ ಮೂರು ದಿನ, ನಾಯಿ ಅವಳ ಮಡಿಲಲ್ಲಿ, ಕಾಲ ಬುಡದಲ್ಲಿ, ಕುತ್ತಿಗೆಗೆ ಮೂಗು ತೂರಿಸಿಕೊಂಡು ಸೋಫಾದ ಮೇಲೆ, ಆ ಮೂರು ದಿನ ಉಬ್ಬಸದ ಪಂಪು ಚೀಲದಿಂದ ಹೊರಗೇ ಬರಲಿಲ್ಲ, ಎಷ್ಟೋ ವರ್ಷದ ಮೇಲೆ ಒಂದೇ ದಿಂಬಿನಲ್ಲಿ ಮಲಗಿದಳು, ಮೆಟ್ಟಿಲು ಹತ್ತುತ್ತ ಹಾಡು ಗುನುಗಿದಳು, ಭಾನುವಾರ ಮಗಳ ಜೊತೆ ನಾಯಿಯ ಹಿಂದೆ ಬೀದಿಯ ಕೊನೆಯವರೆಗೆ ಓಡಿದಳು ಕೂಡ, ನಲವತ್ತೈದರ ಹೆಂಗಸು ಸೆರಗು ಸಿಕ್ಕಿಸಿಕೊಂಡು ಓಡುವುದನ್ನು ನೋಡಿ ಎದುರುಮನೆಯಾತ ಗೇಟಿನ ಮೇಲೆ ಮೊಣಕೈ ಊರಿ ನಕ್ಕ. ಅದು ಯಾವುದೂ ಲೆಕ್ಕಕ್ಕಿಲ್ಲ. ಸೋಮವಾರ ಅವಳು ಕೆಲಸಕ್ಕೆ ಹೋದಳು, ಸಂಜೆ ಬಂದಳು, ಒಳಗೆ ಕಾಲಿಡುವ ಮುಂಚೆ ಹೊರಗಿನ ಮೆಟ್ಟಿಲ ಮೇಲೇ ಕೂತುಬಿಟ್ಟಳು, ಎದೆಯೊಳಗೆ ಸಿಳ್ಳೆ — ನಾಯಿ ಓಡಿಬಂದು ಅವಳ ಮೊಣಕಾಲ ಮೇಲೆ ಗದ್ದ ಇಟ್ಟಿತು, ಅದೇ ಅದರ ತಪ್ಪಾಯಿತು, ನೋಡಿದ್ಯಾ, ಅಂದರು ಮೇಷ್ಟ್ರು, ನಾನು ಮೊದಲೇ ಹೇಳಿಲ್ವಾ, ನೋಡಿದ್ಯಾ. ನೋಡಿದ್ದು ಮಣ್ಣು. ಅವಳು ಕೂತದ್ದು ನಾಯಿ ಬರುವ ಮುಂಚೆ, ನಾಯಿ ಬಂದದ್ದು ಅವಳು ಕೂತ ಮೇಲೆ, ಯಾವುದು ಮೊದಲು ಯಾವುದು ಆಮೇಲೆ ಅನ್ನುವಷ್ಟೂ ಗೊತ್ತಾಗಬೇಡವೇ ಲೆಕ್ಕದ ಮೇಷ್ಟ್ರಿಗೆ, ಬಾಯಿಲ್ಲದ ಪ್ರಾಣಿಯ ತಲೆ ಮೇಲೆ ಗೂಬೆ ಕೂರಿಸಿದರು, ಮಂಗಳವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ತಂದ ಕಡೆಗೇ, ಆ ಅನಾಥ ನಾಯಿಗಳ ಮನೆಗೇ ವಾಪಸ್ ಬಿಟ್ಟು ಬಂದರು, ಒಂಬತ್ತು ದಿನವಾಯಿತು, ಗುಡಿಸಿದ್ದಾಯಿತು, ಒರೆಸಿದ್ದಾಯಿತು, ಪರದೆ ಒಗೆದದ್ದಾಯಿತು, ಮನೆಯಲ್ಲಿ ನಾಯಿಯ ನೆರಳೂ ಇಲ್ಲ, ಆದರೂ ದಿನಾ ಸಂಜೆ ಸಿಳ್ಳೆ, ಅದಕ್ಕೂ ಉತ್ತರ ತಯಾರು, ಕೂದಲು ಇನ್ನೂ ಎಲ್ಲೋ ಸೇರ್ಕೊಂಡಿರುತ್ತೆ ಬಿಡು. ಒಂದು ಕೂದಲು ಕೂಡ ಮನೆಯಲ್ಲಿ ಸಿಗಲಿಲ್ಲ, ಸಿಕ್ಕಿದ್ದರೆ ಅವಳು ಎತ್ತಿಟ್ಟುಕೊಳ್ಳುತ್ತಿದ್ದಳು.

ಆರು ಇನ್ನೂ ಹಾಗೇ ಇದೆ, ಶಭಾಷ್ ಆರು, ಹಾಗೇ ಇರು. ಎರಡು ಉಬ್ಬಿದೆ, ಉಬ್ಬಬೇಕಾದದ್ದೇ, ಮೂರು ಒಂಚೂರು ಕೆಂಪಾಗಿದೆ, ಆಗಲಿ, ದೂಳು ಎಲ್ಲರ ಮನೆಯಲ್ಲೂ ಇದ್ದದ್ದೇ. ಎಂಟರ ಕಡೆ ನೋಡುವ ಅಗತ್ಯವಿಲ್ಲ. ನಾಯಿಗೆ ರಸ್ಕು ಎಂದು ಹೆಸರಿಟ್ಟದ್ದು ಮಗಳು, ಹನ್ನೊಂದು ವರ್ಷದ ಬುದ್ಧಿಗೆ ತೋಚಿದ ಹೆಸರು, ಅಮ್ಮಾ ಬಣ್ಣ ನೋಡು, ಥೇಟ್ ನಿನ್ನ ಬೇಕರಿ ರಸ್ಕು, ಎರಡು ಸಲ ಸುಟ್ಟಿದ್ದು — ಮರಿಯೂ ಅಲ್ಲ, ನಾಲ್ಕು ವರ್ಷದ ನಾಯಿ, ಒಂದು ಕಿವಿ ನೆಟ್ಟಗೆ, ಒಂದು ಮಡಚಿದ್ದು, ಯಾರೋ ಸಾಕಿ ಬಿಟ್ಟುಹೋಗಿದ್ದು, ಅದಕ್ಕೇ ಬಾಗಿಲು ಹಾಕಿದ ಸದ್ದಾದರೆ ಸಾಕು ಓಡಿಬಂದು ಯಾರು ಹೋದರು ಎಂದು ಎಣಿಸುತ್ತಿತ್ತು. ಎರಡನೆಯ ಸಲ ಬಿಟ್ಟು ಬಂದರಲ್ಲ, ಆಗ ಏನನ್ನಿಸಿರಬೇಕು ಅದಕ್ಕೆ, ಇವರಿಗೆ ಹೊಟ್ಟೆಯಲ್ಲಿ ಏನಿದೆ, ಕರುಳೋ ಹಗ್ಗವೋ. ಅದು ಹೋಗಲಿ, ಮಗುವಿಗೆ ಹೇಳಿದ ಮಾತು — ಅಮ್ಮ ಬೇಕಾ, ನಾಯಿ ಬೇಕಾ, ನೀನೇ ಹೇಳು, ಎಂದು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳಿದರು, ಅವಳು ಒಳಗೆ ಪಂಪು ಬಾಯಿಗಿಟ್ಟುಕೊಂಡು ಕೂತಿದ್ದಾಗ, ಬಾಯಿ ಬಿಡಲಾಗದೆ ಇದ್ದಾಗ, ಅಂಥ ಪ್ರಶ್ನೆ ಕೇಳುತ್ತಾರೆಯೇ ಯಾರಾದರೂ, ಅದಕ್ಕೆ ಮಗು ಹೋಗಿ ನಾಯಿಯ ಬಟ್ಟಲು ತೊಳೆದು ಮಗುಚಿಟ್ಟಿತು. ಅವತ್ತಿನಿಂದ ಶಾಲೆಯಿಂದ ಬಂದರೆ ಹತ್ತಿರ ಬರುವುದಿಲ್ಲ, ಯಾಕೆ ಚಿನ್ನಾ ಅಂದರೆ, ನನ್ನ ಯೂನಿಫಾರಂನಲ್ಲಿ ಕೂದಲಿದ್ರೆ ಅಮ್ಮಾ, ಎರಡು ಸಲ ಒಗೆದಿದೀನಿ, ಆದ್ರೂ ಇದ್ರೆ, ನಾನು ನಾಯಿ ಕೇಳಿದ್ದಕ್ಕೇ ಅಲ್ವಾ ನಿಂಗೆ ಹಿಂಗಾಗಿದ್ದು — ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು, ಈಗಲೂ ಉರಿಯುತ್ತದೆ, ಹನ್ನೊಂದು ವರ್ಷದ ಹುಡುಗಿ ತಾಯಿಯನ್ನು ಮುಟ್ಟಲು ಹೆದರಬೇಕೇ. ನಾದಿನಿ ಬೇರೆ, ಫೋನಿನಲ್ಲಿ, ಕೇಳದೇ ಇದ್ದರೂ, ಅತ್ತಿಗೇ, ನಾಯಿ ಕೂದ್ಲು ಎದೆಗೆ ಹೋದ್ರೆ ಅಲ್ಲೇ ಗಂಟಾಗುತ್ತಂತೆ, ಒಂದು ಮೀನು ಸಾಕಿ ಸುಮ್ನೆ. ಮೀನು ಸಾಕಬೇಕಂತೆ, ಮೀನು ಬಾಗಿಲಿಗೆ ಓಡಿ ಬರುತ್ತದೆಯೇ. ಅವತ್ತೇ ಅವಳು ಗಂಡನನ್ನೂ ಮಗಳನ್ನೂ ಊಟದ ಮೇಜಿಗೆ ಕರೆದು ಕೂರಿಸಿ ಹೇಳಿದಳು, ಸಾಕು, ಇನ್ನು ಯಾರೂ ಊಹೆ ಮಾಡೋದು ಬೇಡ, ಪರೀಕ್ಷೆ ಮಾಡಿಸ್ಕೊಂಡು ಬರ್ತೀನಿ, ಕೈ ಮೇಲೆ ಯಾವುದು ಉಬ್ಬುತ್ತೋ ಅದು ನನ್ನ ಬದುಕಿನಿಂದ ಆಚೆ, ಅವತ್ತೇ, ಅದೇ ದಿನ, ನಾಯಿಯಾದ್ರೆ ನಾಯಿ, ನಾನು ಒಂದು ಮಾತೂ ಆಡಲ್ಲ, ನಾಯಿ ಅಲ್ಲದೇ ಇದ್ರೆ ನೀವೂ ಒಂದು ಮಾತೂ ಆಡೋ ಹಾಗಿಲ್ಲ, ಒಪ್ಪಿಗೆನಾ. ಒಪ್ಪಿಗೆ, ಅಂದರು ಮೇಷ್ಟ್ರು, ಗೆದ್ದವರ ಹಾಗೆ. ನಾಯಿಗಳ ಮನೆಯ ಅಮ್ಮ ಇವತ್ತು ಸಂಜೆವರೆಗೆ ಕಾಯುತ್ತೇನೆಂದಿದ್ದಾರೆ, ಆಮೇಲೆ ಬೇರೆ ಯಾರೋ ಕೇಳಿದ್ದಾರಂತೆ, ತೋಟ ಕಾಯಲು, ಸರಪಳಿಯಲ್ಲಿ ಕಟ್ಟಿಹಾಕಲು. ಪರೀಕ್ಷೆಗಾಗಿ ಏಳು ದಿನ ಅಲರ್ಜಿ ಮಾತ್ರೆ ಬಿಟ್ಟಿದ್ದಾಳೆ, ಕಣ್ಣು ಮೂಗು ಸುರಿಸಿಕೊಂಡು, ಅದು ನಾಯಿಗಾಗಿ.

ಅಯ್ಯೋ ಎಷ್ಟು ಕಡಿಯುತ್ತದೆ, ಆ ಮೇಲಿನದು, ಬಲಗೈ ಬೆರಳು ತಾವಾಗಿಯೇ ಮೇಜಿನ ಮೇಲೆ ಹರಿದು ಬರುತ್ತವೆ, ಬೇಡ, ಮುಟ್ಟಬಾರದು, ಬೆರಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾಳೆ. ಬಟ್ಟೆ ಉಜ್ಜಿರಬೇಕು, ರವಿಕೆಯ ಅಂಚು ತಾಗಿರಬೇಕು, ಹಿಟ್ಟು ಅಂದರೆ ಅವಳಿಗೇನು ಹೊಸದೇ, ಇಪ್ಪತ್ತೆರಡು ವರ್ಷದಿಂದ ಅದರಲ್ಲೇ ಮುಳುಗಿ ಎದ್ದವಳು, ಬೇಕರಿಯಲ್ಲಿ ಅವಳ ಹೆಸರೇ ಹಿಟ್ಟಿನಕ್ಕ, ಯಜಮಾನರಿಂದ ಹಿಡಿದು ಡಬ್ಬ ತೊಳೆಯುವವಳವರೆಗೆ ಎಲ್ಲರಿಗೂ ಹಿಟ್ಟಿನಕ್ಕ, ಮೂಟೆ ಬಿಚ್ಚಿ ಸುರಿಯುವುದು ಅವಳೇ, ಮುಷ್ಟಿಯಿಂದ ಮಣಿಕಟ್ಟು ತಿರುಗಿಸಿ ಒಂದು ಬೀಸಿಗೆ ಇಡೀ ಕಲ್ಲುಮೇಜಿಗೆ ಹಿಟ್ಟು ಹರಡುವುದು ಅವಳೊಬ್ಬಳಿಗೇ ಬರುವುದು, ಒಂದು ಕಡೆ ಹೆಚ್ಚಿಲ್ಲ ಒಂದು ಕಡೆ ಕಡಿಮೆಯಿಲ್ಲ, ಹೊಸದಾಗಿ ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕಲಿಸಿದ್ದು ಒಲೆಯಜ್ಜ. ಬೆಳಕಿಗೆ ಮುಂಚೆ ಮೂಟೆಗಳನ್ನು ಬಿಚ್ಚುತ್ತಿದ್ದ ಹೊತ್ತಿನಲ್ಲಿ ಬೆಳ್ಳನೆ ದೂಳು ತುಂಬಿ ಎದುರಿನವರ ಮುಖ ಕಾಣದು, ಆಗ ಅಜ್ಜ ಒಲೆಯ ಬಳಿಯಿಂದ ಕೂಗುತ್ತಿದ್ದ, ಹಾಜರಿ ಹಾಕ್ರಪ್ಪಾ ಎಂದು, ಹಾಜರಿ ಎಂದರೆ ಕೆಮ್ಮು, ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಿಂದ ಕೆಮ್ಮಬೇಕು, ಕೆಮ್ಮಿನಲ್ಲೇ ಅಜ್ಜನಿಗೆ ಯಾರು ಬಂದಿದ್ದಾರೆ ಯಾರು ಬಂದಿಲ್ಲ ಎಂದು ತಿಳಿಯುತ್ತಿತ್ತು, ಅವಳು ಸೇರಿದ ಹೊಸದರಲ್ಲಿ ಕೆಮ್ಮು ಬಾರದೆ ಸುಮ್ಮನೆ ಗಂಟಲು ಕೆರೆದರೆ ಎಲ್ಲರೂ ನಗುತ್ತಿದ್ದರು, ಬರುತ್ತೆ ಬಿಡವ್ವ, ನಿಂಗೂ ಬರುತ್ತೆ. ಬಂತು. ಬಂದ ದಿನ ಅಜ್ಜ ಎಲ್ಲರಿಗೂ ಬಿಸಿ ಬನ್ ಹಂಚಿದ, ನಮ್ಮ ಹುಡುಗಿ ಇವತ್ತು ಕೆಲಸಗಾರ್ತಿ ಆದ್ಲು ಅಂತ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆಂದರೆ ಬಿಡುತ್ತಿರಲಿಲ್ಲ, ಮೂಗು ಮುಚ್ಚಿದ್ರೆ ಹುಳಿ ವಾಸನೆ ಎಲ್ಲಿಂದ ತಿಳಿಯುತ್ತೆ, ಹುಳಿ ಹಿಡಿದ ಹಿಟ್ಟನ್ನ ಊರಿಗೆಲ್ಲ ತಿನ್ನಿಸ್ತೀಯಾ, ಅದೂ ನಿಜವೇ, ಇವತ್ತಿಗೂ ಆ ಬೇಕರಿಯಲ್ಲಿ ಯಾರೂ ಮೂಗಿಗೆ ಬಟ್ಟೆ ಕಟ್ಟುವುದಿಲ್ಲ, ಈಗ ಹಾಜರಿ ಕೂಗುವವಳು ಅವಳೇ. ಒಲೆಯಜ್ಜ ಕೊನೆಕೊನೆಗೆ ಎರಡು ಹೆಜ್ಜೆಗೊಮ್ಮೆ ನಿಂತು ಗೋಡೆ ಹಿಡಿಯುತ್ತಿದ್ದ, ವಯಸ್ಸು, ಅಂದರು ಎಲ್ಲರೂ, ಬೀಡಿ, ಅಂದರು, ಅಜ್ಜ ಬೀಡಿ ಸೇದಿದ್ದನ್ನು ಅವಳಂತೂ ನೋಡಿಲ್ಲ. ಎಂಟು ವರ್ಷದ ಹಿಂದೆ ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ, ಬೇರೆ ಡಾಕ್ಟರು, ವಯಸ್ಸಾದವರು, ಏನು ಕೆಲಸ ಎಂದು ಕೇಳಿದ್ದರು, ಬೇಕರಿ ಅಂದಳು, ಓಹೋ ಹಾಗಾದ್ರೆ ಮುಂದಿನ ಸಲ ಬರ್ತಾ ಬಿಸಿ ಬನ್ ತನ್ನಿ ಎಂದು ನಕ್ಕು ಪಂಪು ಬರೆದುಕೊಟ್ಟರು, ಅವಳೂ ಮುಂದಿನ ಸಲ ಒಯ್ದು ಕೊಟ್ಟಳು, ಒಂದು ಡಜನ್, ತಾನೇ ನಾದಿದ್ದು, ಎಂಥ ದಡ್ಡಿ. ಇಲ್ಲ, ದಡ್ಡಿ ಯಾಕೆ, ಈಗ ಯಾಕೆ ಅದೆಲ್ಲ, ಯೋಚನೆ ಎತ್ತಲೋ ಹೋಗುತ್ತಿದೆ, ಯೋಚಿಸಬೇಕಾದದ್ದು ನಾಯಿ. ನಾಯಿ ಇದ್ದ ಮೂರು ದಿನ ಉಸಿರು ಚೆನ್ನಾಗಿತ್ತು, ಆದ್ದರಿಂದ ನಾಯಿಯಲ್ಲ, ಇಷ್ಟೇ ಲೆಕ್ಕ, ಇದರಾಚೆಗೆ ಹೋಗುವುದು ಬೇಡ. ಆ ಮೂರು ದಿನ ಅವಳು ಎಲ್ಲಿರಲಿಲ್ಲ ಎಂದು ಯಾರೂ ಕೇಳಿಲ್ಲ, ಕೇಳುವುದೂ ಬೇಡ. ಕಡಿಯುತ್ತಿದೆ, ಉರಿಯುತ್ತಿದೆ, ಎಂಟು, ನೋಡಬಾರದೆಂದರೂ ಕಣ್ಣ ಅಂಚಿನಲ್ಲಿ ಏನೋ ಬೆಳ್ಳಗೆ ಎದ್ದು ನಿಂತಿದೆ, ಅವಳು ತಲೆಯನ್ನು ಇತ್ತ ತಿರುಗಿಸಿಕೊಂಡು ಗಡಿಯಾರ ನೋಡುತ್ತಾಳೆ, ಹನ್ನೆರಡು ನಿಮಿಷ.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ, ಇದು ಎಂಟು ವರ್ಷ ಕೂಡಿಟ್ಟ ಸಿಟ್ಟು, ಅವಳ ಉಸಿರಿನ ನೆಪ ಹೇಳಿ ಮನೆಯಿಂದ ಏನೇನು ತೆಗೆದರು, ಮೊದಲು ಮಗಳ ಬೊಂಬೆಗಳನ್ನು ತೆಗೆದರು, ಆಮೇಲೆ ನೆಲದ ಜಮಖಾನೆ, ಆಮೇಲೆ ಅವಳು ಕಿಟಕಿಯಲ್ಲಿ ಇಟ್ಟುಕೊಂಡಿದ್ದ ಹೂವಿನ ಕುಂಡ, ಮಾತು ಮಾತಿಗೆ ನಿನ್ನ ಒಳ್ಳೇದಕ್ಕೇ ಕಣೆ, ನಿನ್ನ ಒಳ್ಳೇದಕ್ಕೇ, ಒಂದೊಂದಾಗಿ ಹೋಗಿ ಮನೆ ಆಸ್ಪತ್ರೆ ವಾರ್ಡಿನ ಹಾಗಾಯಿತು, ಸಿಳ್ಳೆ ಮಾತ್ರ ಹೋಗಲಿಲ್ಲ, ಇಷ್ಟಾದ ಮೇಲೂ ಒಬ್ಬರಿಗಾದರೂ ಅನ್ನಿಸಬೇಡವೇ ನಾವು ತೆಗೀತಾ ಇರೋದು ತಪ್ಪು ಸಾಮಾನು ಅಂತ, ಇನ್ನೇನು ತೆಗೆಯುವುದು ಬಾಕಿ ಇತ್ತು, ಅವಳ ಕೈಗೆ ಬಂದ ಒಂದು ಜೀವ, ಅದನ್ನೂ ತೆಗೆದರು. ಇವತ್ತು ಅದು ವಾಪಸ್ ಬರುತ್ತದೆ. ಸಂಜೆ ಮೂವರೂ ಹೋಗುತ್ತಾರೆ, ಮೇಷ್ಟ್ರು ತಮ್ಮ ಕೈಯಾರೆ ಹಗ್ಗ ಹಿಡಿದು ಕರೆತರಬೇಕು, ಕರೆತಂದು ಮಗಳೆದುರು ನಿಂತು ನನ್ನ ಲೆಕ್ಕ ತಪ್ಪಾಗಿತ್ತಮ್ಮ ಅನ್ನಬೇಕು, ಅನ್ನದಿದ್ದರೆ ಅವಳು ಬಿಡುವುದಿಲ್ಲ, ಅರ್ಧ ಅಂಕವೂ ಕೊಡುವುದಿಲ್ಲ — ಬಾಗಿಲು ತೆರೆಯಿತು, ನರ್ಸಮ್ಮ, ಕೈಯಲ್ಲಿ ಪಾರದರ್ಶಕ ಸ್ಕೇಲು, ಬಾಗಿಲ ಹಿಂದೆಯೇ ಮಗಳು, ಅವಳ ಹಿಂದೆ ಕೆಂಪು ಪೆನ್ನು ಹಿಡಿದುಕೊಂಡೇ ಗಂಡ, ಬನ್ನಿ ಬನ್ನಿ ಪರವಾಗಿಲ್ಲ, ಅಂದರು ನರ್ಸಮ್ಮ, ಮಗಳು ಒಳಗೆ ಬಂದರೂ ಗೋಡೆಗೆ ಅಂಟಿಕೊಂಡೇ ನಿಂತಳು, ಅಷ್ಟು ದೂರದಿಂದಲೇ, ಆರಾ ಅಮ್ಮಾ, ಆರು ಉಬ್ಬಿದೆಯಾ.

ಒಂದು ಸೊನ್ನೆ, ಎರಡು ಐದು, ಮೂರು ಎರಡು, ನಾಲ್ಕು ಸೊನ್ನೆ, ಐದು ಸೊನ್ನೆ, ನರ್ಸಮ್ಮನ ಸ್ಕೇಲು ಒಂದೊಂದು ಉಬ್ಬಿನ ಮಿಲಿಮೀಟರು ಎಣಿಸುತ್ತ ಚರ್ಮದ ಮೇಲೆ ತಣ್ಣಗೆ ಸರಿಯುತ್ತದೆ, ಆರು — ಅವಳು ಉಸಿರು ಹಿಡಿದಳು, ಆರು ಸೊನ್ನೆ, ನಾಯಿಯಿಂದ ನಿಮಗೆ ಏನೂ ತೊಂದ್ರೆ ಇಲ್ಲಮ್ಮ, ಎಳ್ಳಷ್ಟೂ ಇಲ್ಲ. ಕೇಳಿಸಿತಾ ಎಂದು ಅವಳು ತಲೆ ಎತ್ತಿದಳು, ಎಷ್ಟು ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು, ಆದರೆ ಆಡುವುದಕ್ಕೆ ಮೊದಲೇ ಮಗಳು ಗೋಡೆ ಬಿಟ್ಟು ಓಡಿಬಂದು ಅವಳ ಬೆನ್ನಿಗೆ ಮುಖ ಒತ್ತಿದಳು, ಯೂನಿಫಾರಂ ಸಮೇತ, ಒಂಬತ್ತು ದಿನದ ಮೇಲೆ ಮೊದಲ ಸಲ, ಬೆನ್ನು ಒದ್ದೆಯಾಗುತ್ತಿದೆ, ಗಂಡ ಕೆಂಪು ಪೆನ್ನಿನ ಮುಚ್ಚಳ ಹಾಕುತ್ತ, ಆಯ್ತು, ಸಂಜೆ ಹೋಗಿ ಕರ್ಕೊಂಡ್ ಬರೋಣ, ಮಾತು ಅಂದ್ರೆ ಮಾತು, ನಂದೇ ತಪ್ಪು, ಅಂದರು, ಅಷ್ಟು ಸಲೀಸಾಗಿ ಅಂದುಬಿಟ್ಟರು, ಜಗಳಕ್ಕೆ ಏನೂ ಉಳಿಸಲಿಲ್ಲ. ಏಳು ಒಂದು. ಎಂಟು. ಸ್ಕೇಲು ನಿಂತಿತು, ಸರಿದು ಹೋಗಿ ಮತ್ತೆ ಬಂತು, ಹನ್ನೊಂದು, ಇಲ್ಲ ತಡೀರಿ, ಹದಿಮೂರು, ನರ್ಸಮ್ಮ ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆದರು, ಒಂದು ಗೆರೆಯೊಳಗೆ ಹಿಡಿಸದೆ ಇನ್ನೊಂದು ಗೆರೆ, ಎಳೆಯುತ್ತ ಕೇಳಿದರು, ಏನು ಕೆಲಸ ಮಾಡ್ತೀರಮ್ಮ ನೀವು. ಅವಳು ಬಾಯಿ ತೆರೆದಳು. ಬೆನ್ನ ಹಿಂದಿನಿಂದ ಮಗಳು, ಎಷ್ಟೋ ದಿನದ ಮೇಲೆ ಮೊದಲಿನ ದನಿಯಲ್ಲಿ, ಹೆಮ್ಮೆಯಿಂದ, ನಮ್ಮಮ್ಮ ಹಿಟ್ಟಿನಕ್ಕ, ದೊಡ್ಡ ಬೇಕರಿಯಲ್ಲಿ ನಮ್ಮಮ್ಮನೇ ಹಿಟ್ಟು ನಾದೋದು, ಇಪ್ಪತ್ತೆರಡು ವರ್ಷದಿಂದ, ಅಷ್ಟು ಚೆನ್ನಾಗಿ ಬೇರೆ ಯಾರಿಗೂ ಬರಲ್ಲ. ನರ್ಸಮ್ಮನ ಪೆನ್ನು ನಿಂತಿತು, ಗಂಡ ನಾಯಿಯ ಮಾತು ಅರ್ಧಕ್ಕೇ ಬಿಟ್ಟರು, ಯಾವುದು ಉಬ್ಬುತ್ತೋ ಅದು ಆಚೆ, ಎಂದು ಯಾರೂ ಅನ್ನಲಿಲ್ಲ, ಅನ್ನಲಿ, ಒಬ್ಬರಾದರೂ ಅನ್ನಲಿ, ಅನ್ನುವವರ ಮೇಲೆ ಹರಿಹಾಯಲು ಅವಳು ಕಾಯುತ್ತಿದ್ದಾಳೆ, ಯಾರೂ ಅನ್ನುವುದಿಲ್ಲ. ಕೆರೆಯಲಿಲ್ಲ ಅವಳು. ತೊಡೆಯ ಕೆಳಗಿನಿಂದ ಬಲಗೈ ತೆಗೆದು, ಬೆಳಿಗ್ಗೆ ಬೆಳಿಗ್ಗೆ ನಾದಿಟ್ಟ ಹಿಟ್ಟು ಹದಕ್ಕೆ ಬಂದಿದೆಯೇ ಎಂದು ನೋಡುವ ಹಾಗೆ, ತೋರುಬೆರಳ ತುದಿಯಿಂದ ಎಂಟನ್ನು ಮೆಲ್ಲಗೆ ಒತ್ತಿದಳು, ನಡುವೆ ಗುಳಿ ಬಿತ್ತು, ಬೆರಳು ತೆಗೆದಳು, ಗುಳಿ ನಿಧಾನವಾಗಿ ಮೇಲೆದ್ದು ಬಂತು, ಬೆಳ್ಳಗೆ, ದುಂಡಗೆ, ಎಂಟು, ಮತ್ತೆ ಒತ್ತಿದಳು, ಮತ್ತೆ ಮೇಲೆದ್ದು ಬಂತು, ಎಂಟು —